ತಾಮ್ರದ ಲೆಕ್ಕ

ತಂದೆತಾಯಿಯಿಂದ ಬಂದ ವಂಶವಾಹಿಯೊಂದರ ದೋಷದಿಂದ ಮಿದುಳಿನ ಅಥವಾ ಬೆನ್ನುಹುರಿಯ ನರಕೋಶಗಳು ವರ್ಷಗಟ್ಟಲೆ ಸವೆಯುತ್ತ ಕೊನೆಗೆ ಸತ್ತುಹೋಗುವ ಕಾಯಿಲೆಗಳನ್ನು ಆನುವಂಶಿಕ ನರಕ್ಷಯ ರೋಗಗಳು ಎಂದು ಕರೆಯಲಾಗುತ್ತದೆ. ವಂಶವಾಹಿ ಅಥವಾ ಜೀನ್ ಎಂದರೆ ದೇಹವು ಒಂದು ಪ್ರೋಟೀನನ್ನು ಹೇಗೆ ತಯಾರಿಸಬೇಕೆಂಬುದನ್ನು ಬರೆದಿಟ್ಟ ಡಿಎನ್‌ಎಯ ತುಣುಕು. ಆ ಬರಹದಲ್ಲಿ ಒಂದಕ್ಷರ ತಪ್ಪಿದರೂ ಪ್ರೋಟೀನು ಕೆಲಸಕ್ಕೆ ಬಾರದಂತಾಗಬಹುದು ಅಥವಾ ಪ್ರೋಟೀನೇ ವಿಷವಾಗಬಹುದು, ಮತ್ತು ಈ ಎರಡರಲ್ಲಿ ಯಾವುದು ಆಗಿದೆ ಎಂಬುದರ ಮೇಲೆ ಚಿಕಿತ್ಸೆಯ ಸಾಧ್ಯತೆ ಬಹುಮಟ್ಟಿಗೆ ನಿಂತಿರುತ್ತದೆ. ಕನ್ನಡ ಮತ್ತು ಮರಾಠಿ ಒಂದೇ ಅಂಗಳದಲ್ಲಿ ಕೇಳಿಬರುವ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಸೀಮೆಯಲ್ಲಿ ಇಂಥ ಕಾಯಿಲೆಯನ್ನು ವಿವರಿಸಲು ‘ಮನೆತನದಾಗ ಬಂದದ್ದು’ ಎಂಬ ಒಂದು ಮಾತು ಸಾಕಾಗುತ್ತದೆ. ಬಂದದ್ದನ್ನು ಅನುಭವಿಸಿಯೇ ತೀರಬೇಕು, ಔಷಧದಿಂದ ಆಗುವಂಥದ್ದಲ್ಲ ಎಂಬ ಎಣಿಕೆ ಆ ಮಾತಿನೊಳಗೆ ಅಡಗಿರುತ್ತದೆ. ಅನೇಕ ರೋಗಗಳ ಮಟ್ಟಿಗೆ ಈ ಎಣಿಕೆ ಇಂದಿಗೂ ಪೂರ್ತಿ ಸುಳ್ಳಲ್ಲ. ಆದರೆ ಒಂದು ರೋಗದ ಮಟ್ಟಿಗೆ ಅದು ಸುಮಾರು ಎಪ್ಪತ್ತು ವರ್ಷಗಳಿಂದ ಸುಳ್ಳಾಗಿದೆ, ಮತ್ತು ಅದು ಸುಳ್ಳೆಂದು ತಿಳಿಯದೆ ಇರುವುದರಿಂದಲೇ ಎಳೆಯ ಜೀವಗಳು ಹಾಳಾಗುತ್ತಿವೆ. ವಿಲ್ಸನ್ ಕಾಯಿಲೆ ಎಂದು ಕರೆಯಲಾಗುವ ಆ ರೋಗವೇ ಈ ಅಧ್ಯಾಯದ ಮುಖ್ಯ ವಿಷಯ.

1993ನೆಯ ಇಸವಿ ಈ ಕ್ಷೇತ್ರದಲ್ಲಿ ಮರೆಯಲಾಗದ ವರ್ಷ. ಅದೇ ವರ್ಷ ಇನ್ನೊಂದು ಆನುವಂಶಿಕ ನರಕ್ಷಯ ರೋಗವಾದ ಹಂಟಿಂಗ್ಟನ್ ಕಾಯಿಲೆಯ ಜೀನ್ ನಾಲ್ಕನೆಯ ವರ್ಣತಂತುವಿನಲ್ಲಿಯೂ ವಿಲ್ಸನ್ ಕಾಯಿಲೆಯ ಜೀನ್ ಹದಿಮೂರನೆಯ ವರ್ಣತಂತುವಿನಲ್ಲಿಯೂ ಪತ್ತೆಯಾದವು. ಮೊದಲನೆಯದರ ಜೀನ್ ಕೈಗೆ ಸಿಕ್ಕು ಮೂರು ದಶಕಗಳು ಕಳೆದರೂ ರೋಗದ ಓಟವನ್ನು ತಡೆಯುವ, ಮಂಜೂರಾದ ಔಷಧ ಇನ್ನೂ ಇಲ್ಲ. ಎರಡನೆಯದಕ್ಕೆ ಜೀನ್ ಸಿಗುವ 37 ವರ್ಷ ಮೊದಲೇ ಬಾಯಿಂದ ನುಂಗುವ ಔಷಧ ಸಿಕ್ಕಿತ್ತು. ಜೀನ್ ತಿಳಿದ ಕೂಡಲೇ ಔಷಧ ಬರುತ್ತದೆ ಎಂಬ ಭರವಸೆಯನ್ನೂ ಜೀನ್ ತಿಳಿಯದೆ ಔಷಧವಿಲ್ಲ ಎಂಬ ನಿರಾಶೆಯನ್ನೂ ಈ ಎರಡು ರೋಗಗಳ ಕಥೆ ಒಟ್ಟಿಗೆ ಅಲ್ಲಗಳೆಯುತ್ತದೆ.

ಲಂಡನ್ನಿನ ನರರೋಗ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಸ್ಯಾಮ್ಯುಯೆಲ್ ಅಲೆಕ್ಸಾಂಡರ್ ಕಿನಿಯರ್ ವಿಲ್ಸನ್ 1912ರಲ್ಲಿ ಈ ರೋಗವನ್ನು ವಿವರಿಸಿ ‘ಬ್ರೈನ್’ ಪತ್ರಿಕೆಯಲ್ಲಿ ಇನ್ನೂರಕ್ಕೂ ಹೆಚ್ಚು ಪುಟಗಳ ಪ್ರಬಂಧ ಪ್ರಕಟಿಸಿದರು. ಎಳೆಯ ವಯಸ್ಸಿನವರಲ್ಲಿ ಕೈಕಾಲು ನಡುಗುವುದು, ಮೈ ಬಿಗಿಯುವುದು, ಮಾತು ತೊದಲುವುದು, ಜೊಲ್ಲು ಸುರಿಯುವುದು ಮುಂತಾದ ಲಕ್ಷಣಗಳ ಜೊತೆಗೆ ಮಿದುಳಿನ ಆಳದಲ್ಲಿ ಚಲನೆಯನ್ನು ಹದದಲ್ಲಿಡುವ ನರಗಂಟುಗಳು ಸವೆದಿರುವುದನ್ನೂ, ಯಕೃತ್ತು ಗಂಟುಗಂಟಾಗಿ ಗಟ್ಟಿಯಾಗಿರುವುದನ್ನೂ ಅವರು ತೋರಿಸಿಕೊಟ್ಟರು. ಒಂದೇ ಕುಟುಂಬದ ಅಣ್ಣತಮ್ಮಂದಿರಲ್ಲಿ ಇದು ಕಾಣಿಸುವುದನ್ನು ಗಮನಿಸಿಯೂ ಅವರು ಇದನ್ನು ಆನುವಂಶಿಕ ಎನ್ನಲಿಲ್ಲ, ಯಾವುದೋ ವಿಷದ ಕೆಲಸವಿರಬೇಕೆಂದು ಊಹಿಸಿದರು. ಆ ಊಹೆಯಲ್ಲಿ ಅರ್ಧ ಸತ್ಯವಿತ್ತು. ವಿಷವೇನೋ ನಿಜ, ಆದರೆ ಅದನ್ನು ಹೊರಹಾಕಲಾರದ ದೇಹ ತಂದೆತಾಯಿ ಇಬ್ಬರಿಂದಲೂ ಬಂದಿರುತ್ತದೆ. ಆ ವಿಷ ಯಾವುದೆಂಬುದು ದೃಢವಾಗಲು 1948ರವರೆಗೆ ಕಾಯಬೇಕಾಯಿತು. ಆ ವರ್ಷ ಜಾನ್ ಕಮಿಂಗ್ಸ್ ಇಂಥ ರೋಗಿಗಳ ಯಕೃತ್ತಿನಲ್ಲಿ ಮತ್ತು ಮಿದುಳಿನಲ್ಲಿ ಮಿತಿಮೀರಿದ ತಾಮ್ರವಿರುವುದನ್ನು ಅಳೆದು ತೋರಿಸಿದರು.

ತಾಮ್ರವು ದೇಹಕ್ಕೆ ಬೇಕೇ ಬೇಕಾದ ಲೋಹ. ಕಾಳುಕಡಿ, ಶೇಂಗಾ, ಎಳ್ಳು, ಮಾಂಸ, ನೀರು ಎಲ್ಲದರಿಂದಲೂ ದಿನಕ್ಕೆ ಒಂದೆರಡು ಮಿಲಿಗ್ರಾಂನಷ್ಟು ತಾಮ್ರ ಹೊಟ್ಟೆಗೆ ಹೋಗುತ್ತದೆ. ಅಗತ್ಯಕ್ಕೆ ಮೀರಿದ್ದನ್ನು ಯಕೃತ್ತು ಪಿತ್ತರಸಕ್ಕೆ ಬೆರೆಸಿ ಮಲದ ದಾರಿಯಲ್ಲಿ ಹೊರಗೆ ಕಳಿಸುತ್ತದೆ. ಜಮಾ ಮತ್ತು ಖರ್ಚಿನ ಈ ಲೆಕ್ಕವನ್ನು ನೋಡಿಕೊಳ್ಳುವ ಪ್ರೋಟೀನಿನ ಹೆಸರು ಎಟಿಪಿ7ಬಿ. ಯಕೃತ್ತಿನ ಕೋಶದೊಳಗೆ ಪಂಪಿನಂತೆ ಕೆಲಸ ಮಾಡುವ ಇದು ಒಂದಿಷ್ಟು ತಾಮ್ರವನ್ನು ಸೆರುಲೋಪ್ಲಾಸ್ಮಿನ್ ಎಂಬ ರಕ್ತದ ಪ್ರೋಟೀನಿಗೆ ಸೇರಿಸುತ್ತದೆ, ಉಳಿದದ್ದನ್ನು ಪಿತ್ತದತ್ತ ನೂಕುತ್ತದೆ. ಎಟಿಪಿ7ಬಿ ಜೀನಿನ ಎರಡೂ ಪ್ರತಿಗಳು ಕೆಟ್ಟಿದ್ದರೆ ಹೊರದಾರಿ ಮುಚ್ಚಿಹೋಗಿ, ದಿನದಿನದ ಸಣ್ಣ ಶಿಲ್ಕು ಯಕೃತ್ತಿನಲ್ಲಿ ಕೂಡುತ್ತ ಹೋಗುತ್ತದೆ. ಆರೋಗ್ಯವಂತರ ಯಕೃತ್ತಿನಲ್ಲಿ ಒಣತೂಕದ ಪ್ರತಿ ಗ್ರಾಂಗೆ 50 ಮೈಕ್ರೋಗ್ರಾಂಗಿಂತ ಕಡಿಮೆ ಇರುವ ತಾಮ್ರ ಈ ರೋಗದಲ್ಲಿ 250ನ್ನು ದಾಟುತ್ತದೆ. ಆಮೇಲೆ ತುಂಬಿದ ಕಣಜದಿಂದ ಚೆಲ್ಲಿದಂತೆ ಅದು ರಕ್ತಕ್ಕೆ ಇಳಿದು ಮಿದುಳನ್ನು, ಕಣ್ಣನ್ನು, ಮೂತ್ರಪಿಂಡವನ್ನು ಮುಟ್ಟುತ್ತದೆ. ಹುಟ್ಟಿದಾಗಿನಿಂದ ಇರುವ ದೋಷ ಹತ್ತು ಹದಿನೈದು ವರ್ಷ ಸದ್ದಿಲ್ಲದೆ ಇರುವುದಕ್ಕೆ ಕಾರಣ ಇದೇ. ಶಿಲ್ಕು ಬೆಳೆಯಲು ಅಷ್ಟು ಸಮಯ ಬೇಕಾಗುತ್ತದೆ.

ಕಣ್ಣಿನಲ್ಲಿ ಕೂಡುವ ತಾಮ್ರವು ರೋಗದ ಅತ್ಯಂತ ಸ್ಪಷ್ಟವಾದ ಗುರುತನ್ನು ಬರೆಯುತ್ತದೆ. ಕಣ್ಣಿನ ವೈದ್ಯರು ಬಳಸುವ ಸ್ಲಿಟ್ ಲ್ಯಾಂಪ್ ಎಂಬ ಸಾಧನದಿಂದ ಒಂದು ತೆಳುವಾದ ಬೆಳಕಿನ ಪಟ್ಟಿಯನ್ನು ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪರದೆಯ ಅಂಚಿಗೆ ಬಿಟ್ಟಾಗ, ಆ ಪರದೆಯ ಒಳಪದರದಲ್ಲಿ ಕಂದು ಹಸಿರು ಬೆರೆತ, ಕಿಲುಬಿನ ಬಣ್ಣವನ್ನು ನೆನಪಿಸುವ ಒಂದು ಬಳೆ ಕಾಣುತ್ತದೆ. ಅದು ಮೊದಲು ಮೇಲಿನ ಅಂಚಿನಲ್ಲಿ ಕಮಾನಿನಂತೆ ಮೂಡಿ, ಆಮೇಲೆ ಕೆಳಗಿನ ಅಂಚಿನಲ್ಲಿ ಹುಟ್ಟಿ, ಕೊನೆಗೆ ಎರಡು ಬದಿಗಳಲ್ಲಿ ಕೂಡಿಕೊಂಡು ಪೂರ್ತಿ ವೃತ್ತವಾಗುತ್ತದೆ. ಕಪ್ಪು ಕಣ್ಣಿನ ಭಾರತೀಯರಲ್ಲಿ ಬರಿಗಣ್ಣಿಗೆ ಇದು ಸುಲಭವಾಗಿ ಕಾಣದು. ಆದ್ದರಿಂದಲೇ ಸ್ಲಿಟ್ ಲ್ಯಾಂಪ್ ಪರೀಕ್ಷೆ ಬೇಕು. 1902ರಲ್ಲಿ ಕೈಸರ್, 1903ರಲ್ಲಿ ಫ್ಲೈಶರ್ ಎಂಬ ಜರ್ಮನ್ ನೇತ್ರವೈದ್ಯರು ವಿವರಿಸಿದ ಈ ಬಳೆ ಅವರಿಬ್ಬರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಗಮನಿಸಬೇಕಾದ ಸಂಗತಿಯೆಂದರೆ ಚಿಕಿತ್ಸೆ ಸರಿಯಾಗಿ ನಡೆದರೆ ಈ ಬಳೆ ಹುಟ್ಟಿದ ಕ್ರಮಕ್ಕೆ ವಿರುದ್ಧ ಕ್ರಮದಲ್ಲಿ ನಿಧಾನವಾಗಿ ಕರಗುತ್ತದೆ. ನರಕ್ಷಯದ ಲೋಕದಲ್ಲಿ ಹಿಂದಕ್ಕೆ ಸರಿಯುವ ಗುರುತುಗಳು ತೀರ ವಿರಳ, ಹಾಗಾಗಿ ಇದನ್ನು ಕಂಡ ವೈದ್ಯರಿಗೆ ಆಗುವ ಸಮಾಧಾನ ದೊಡ್ಡದು.

ಈ ರೋಗದ ಬಗ್ಗೆ ಕನ್ನಡನಾಡಿನಲ್ಲಿ ನಡೆದಿರುವ ಕೆಲಸ ಜಗತ್ತಿನ ವೈದ್ಯಕೀಯ ಸಾಹಿತ್ಯದಲ್ಲಿ ಗಣ್ಯವಾದ ಸ್ಥಾನ ಪಡೆದಿದೆ. ಬೆಂಗಳೂರಿನ ನಿಮ್ಹಾನ್ಸ್, ಅಂದರೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ತನ್ನಲ್ಲಿಗೆ ಬಂದ ವಿಲ್ಸನ್ ರೋಗಿಗಳನ್ನು ದಶಕಗಳ ಕಾಲ ಬೆನ್ನುಹತ್ತಿ ನೋಡಿಕೊಂಡಿತು. ಎ.ಬಿ. ತಾಳಿ, ಎಚ್.ಎಸ್. ಸ್ವಾಮಿ, ಸಂಜೀಬ್ ಸಿನ್ಹಾ ಮತ್ತು ಅವರ ಸಹೋದ್ಯೋಗಿಗಳ ಹೆಸರುಗಳು ಆ ಕೆಲಸದೊಂದಿಗೆ ಕೂಡಿಕೊಂಡಿವೆ. ಮೂರು ದಶಕಗಳಲ್ಲಿ ಪರೀಕ್ಷಿಸಿದ 282 ರೋಗಿಗಳ ವಿವರವನ್ನು ಈ ತಂಡ 2007ರಲ್ಲಿ ಪ್ರಕಟಿಸಿತು. ರೋಗಿಗಳ ಸರಾಸರಿ ವಯಸ್ಸು ಹದಿನಾರರ ಆಸುಪಾಸು; ಮೂರರಲ್ಲಿ ಎರಡಕ್ಕಿಂತ ಹೆಚ್ಚು ಮಂದಿಯಲ್ಲಿ ರೋಗ ನರಗಳ ಮೂಲಕವೇ ತಲೆದೋರಿತ್ತು; ನರಲಕ್ಷಣಗಳಿದ್ದ ಎಲ್ಲರ ಕಣ್ಣಿನಲ್ಲಿಯೂ ಆ ಬಳೆ ಇತ್ತು; ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟಿದವರು. ಹದಿನಾರು ಎಂದರೆ ಶಾಲೆ ಮುಗಿಸುವ ಇಲ್ಲವೆ ದುಡಿಮೆಗೆ ಕೈಹಚ್ಚುವ ವಯಸ್ಸು. ಬರೆಯುವ ಅಕ್ಷರ ಚಿಕ್ಕದಾಗಿ ಸೊಟ್ಟಗಾಗುವುದು, ಓದಿನಲ್ಲಿ ಮುಂದಿದ್ದ ಹುಡುಗಿ ಹಿಂದೆ ಬೀಳುವುದು, ಶಾಂತ ಸ್ವಭಾವದ ಹುಡುಗ ಸಿಡುಕನಾಗುವುದು, ಇಚಲಕರಂಜಿಯ ಯಂತ್ರಮಗ್ಗದ ಮುಂದೆ ಹರಿದ ಎಳೆಯನ್ನು ಗಂಟು ಹಾಕಬೇಕಾದ ಬೆರಳು ನಡುಗಿ ಎಳೆ ಸಿಗದೆ ಹೋಗುವುದು, ಇವೆಲ್ಲ ರೋಗದ ಮೊದಲ ಹೆಜ್ಜೆಗಳಾಗಿರಬಹುದು. ಇವುಗಳಲ್ಲಿ ಒಂದೂ ನೋಡಿದ ಕೂಡಲೇ ತಾಮ್ರವನ್ನು ನೆನಪಿಗೆ ತರುವಂಥದ್ದಲ್ಲ.

ಅದರ ಪರಿಣಾಮ ಏನಾಗುತ್ತದೆಂಬುದನ್ನು ಅದೇ ಸಂಸ್ಥೆಯ ಇನ್ನೊಂದು ಅಧ್ಯಯನ ತೋರಿಸಿಕೊಟ್ಟಿತು. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 307 ವಿಲ್ಸನ್ ರೋಗಿಗಳ ಹಿಂದಿನ ಚೀಟಿಗಳನ್ನು ತೆಗೆದು ನೋಡಿದಾಗ, 192 ಮಂದಿಯ ರೋಗವನ್ನು ನಿಮ್ಹಾನ್ಸ್‌ಗೆ ಕಳಿಸುವ ಮೊದಲು ಬೇರೊಂದು ಎಂದು ತಿಳಿಯಲಾಗಿತ್ತು. ಸ್ಕಿಜೋಫ್ರೇನಿಯಾ, ಸಂಧಿವಾತ, ಮೂತ್ರಪಿಂಡದ ಕಾಯಿಲೆ, ವಾತಜ್ವರದಿಂದ ಬರುವ ಕೊರಿಯಾ ಎಂಬ ಅನೈಚ್ಛಿಕ ಚಲನೆ, ಹೀಗೆ ನೂರಕ್ಕೂ ಹೆಚ್ಚು ಬಗೆಯ ಹೆಸರುಗಳು ಆ ಚೀಟಿಗಳಲ್ಲಿದ್ದವು. ಮೊದಲ ಲಕ್ಷಣದಿಂದ ಸರಿಯಾದ ಹೆಸರು ಸಿಗುವವರೆಗೆ ಸರಾಸರಿ ಎರಡು ವರ್ಷ ಕಳೆದಿತ್ತು, ಅತಿ ಹೆಚ್ಚೆಂದರೆ ಮೂವತ್ತು ವರ್ಷ. ಇದರಲ್ಲಿ ವೈದ್ಯರನ್ನು ದೂರುವುದಕ್ಕಿಂತ ರೋಗದ ಬಹುರೂಪವನ್ನು ಅರಿಯುವುದು ಮುಖ್ಯ. ಒಂದೇ ಲೋಹ ಒಬ್ಬರಲ್ಲಿ ಕಾಮಾಲೆಯಾಗಿ, ಇನ್ನೊಬ್ಬರಲ್ಲಿ ನಡುಕವಾಗಿ, ಮತ್ತೊಬ್ಬರಲ್ಲಿ ಮನೋರೋಗವಾಗಿ, ಮಗದೊಬ್ಬರಲ್ಲಿ ಕೀಲುಮೂಳೆಗಳ ನೋವಾಗಿ ಬಂದರೆ ಯಾವ ವೈದ್ಯರಿಗೂ ಕಷ್ಟವೇ. ಆದರೂ ಈ ಎರಡು ವರ್ಷಗಳ ಬೆಲೆ ಬಹಳ ದೊಡ್ಡದು, ಏಕೆಂದರೆ ಸತ್ತ ನರಕೋಶವನ್ನು ಯಾವ ಔಷಧವೂ ಮರಳಿಸದು.

ರಕ್ತಸಂಬಂಧದ ಮದುವೆಯ ಮಾತು ಬಂದಾಗ ಕೊಲ್ಹಾಪುರದ ಸೀಮೆ ವಿಶೇಷವಾದ ಒಂದು ಗೆರೆಯ ಮೇಲೆ ನಿಂತಿದೆ. ಪುಣೆಯ ಡೆಕ್ಕನ್ ಕಾಲೇಜಿನ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲಿ ಪ್ರಕಟಿಸಿದ ಭಾರತದ ಬಂಧುತ್ವ ವ್ಯವಸ್ಥೆಯ ಕುರಿತ ಗ್ರಂಥದಲ್ಲಿ ಮಹಾರಾಷ್ಟ್ರವನ್ನು ಮಧ್ಯವಲಯದಲ್ಲಿಯೂ ಕರ್ನಾಟಕವನ್ನು ದಕ್ಷಿಣ ವಲಯದಲ್ಲಿಯೂ ಇರಿಸಿದರು. ಕನ್ನಡ ಸೀಮೆಯಲ್ಲಿ ಸೋದರಮಾವನ ಮಗಳು, ಸೋದರತ್ತೆಯ ಮಗಳು, ಅಕ್ಕನ ಮಗಳು ಈ ಮೂವರನ್ನೂ ಮದುವೆಯಾಗುವ ರೂಢಿ ಅನೇಕ ಸಮುದಾಯಗಳಲ್ಲಿದ್ದರೆ, ಮರಾಠಿ ಸೀಮೆಯಲ್ಲಿ ಸಾಮಾನ್ಯವಾಗಿ ಮಾವನ ಮಗಳೊಬ್ಬಳಿಗೆ ಮಾತ್ರ ಆ ಒಪ್ಪಿಗೆ. ಅಕ್ಕನ ಮಗಳು ಅಲ್ಲಿ ಮಗಳಿಗೆ ಸಮಾನ. ಗಡಹಿಂಗ್ಲಜದ ಮನೆಯೊಂದಕ್ಕೆ ಸಂಕೇಶ್ವರದ ಸೊಸೆ ಬಂದಾಗ ಎರಡು ಭಾಷೆಗಳ ಜೊತೆಗೆ ಈ ಎರಡು ರೂಢಿಗಳೂ ಒಂದೇ ಹೊಸ್ತಿಲನ್ನು ದಾಟುತ್ತವೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ಸಂಬಂಧದೊಳಗಿನವಾಗಿದ್ದವು.

ಈ ರೂಢಿಗೂ ರೋಗಕ್ಕೂ ಇರುವ ನಂಟನ್ನು ಒಂದು ಸಣ್ಣ ಗಣಿತದಿಂದ ತಿಳಿಯಬಹುದು. ವಿಲ್ಸನ್ ಕಾಯಿಲೆ ‘ಅಪ್ರಬಲ’ ಬಗೆಯ ರೋಗ. ಅಂದರೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಕೆಟ್ಟ ಪ್ರತಿಗಳು ಕೂಡಿದರೆ ಮಾತ್ರ ರೋಗ. ಒಂದೇ ಪ್ರತಿ ಕೆಟ್ಟಿರುವವರು ‘ವಾಹಕರು’, ಅವರಿಗೆ ಯಾವ ತೊಂದರೆಯೂ ಇರದು. ಸುಮಾರು 90 ಮಂದಿಯಲ್ಲಿ ಒಬ್ಬರು ವಾಹಕರೆಂಬ ಹಳೆಯ ಅಂದಾಜನ್ನು ಹಿಡಿದರೆ, ಸಂಬಂಧವಿಲ್ಲದ ಗಂಡಹೆಂಡಿರ ಮಗುವಿಗೆ ರೋಗ ಬರುವ ಸಂಭವ ಸುಮಾರು 32,000ಕ್ಕೆ ಒಂದು. ಗಂಡಹೆಂಡಿರು ಮಾವನ ಮಕ್ಕಳು ಅತ್ತೆಯ ಮಕ್ಕಳಾಗಿದ್ದರೆ, ಒಬ್ಬ ಅಜ್ಜನ ಕೆಟ್ಟ ಪ್ರತಿ ಎರಡು ದಾರಿಗಳಿಂದ ಬಂದು ಒಂದೇ ಮಗುವಿನಲ್ಲಿ ಕೂಡುವ ಸಾಧ್ಯತೆ ಸೇರಿಕೊಂಡು, ಸಂಭವ ಸುಮಾರು 2,700ಕ್ಕೆ ಒಂದಾಗುತ್ತದೆ. ಅಕ್ಕನ ಮಗಳನ್ನು ಮದುವೆಯಾದಲ್ಲಿ ಸುಮಾರು 1,400ಕ್ಕೆ ಒಂದಾಗುತ್ತದೆ. ಅಪಾಯ ಹತ್ತಿಪ್ಪತ್ತು ಪಟ್ಟು ಹೆಚ್ಚಿದರೂ ಒಟ್ಟು ಸಂಭವ ಕಡಿಮೆಯೇ ಉಳಿಯುತ್ತದೆ ಎಂಬುದನ್ನು ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಸೋದರಿಕೆಯ ಮದುವೆಯಾದ ಬಹುಪಾಲು ದಂಪತಿಗಳ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆ ರೂಢಿಯನ್ನೇ ಪಾಪವೆಂದು ಜರೆಯುವ ಭಾಷಣಗಳಿಂದ ರೋಗಿಷ್ಠ ಮಗುವಿನ ತಾಯಿಗೆ ಅಪರಾಧಭಾವ ಹೆಚ್ಚುತ್ತದೆ, ಮಗುವಿಗೆ ಲಾಭವಾಗದು. ಆದರೆ ಒಂದು ಮಗುವಿಗೆ ರೋಗ ಖಚಿತವಾದ ಮೇಲೆ ಗಣಿತ ಬದಲಾಗುತ್ತದೆ: ತಂದೆತಾಯಿ ಇಬ್ಬರೂ ವಾಹಕರೆಂದು ಆಗ ಗೊತ್ತಾದಂತೆ, ಮತ್ತು ಉಳಿದ ಪ್ರತಿಯೊಂದು ಮಗುವಿಗೂ ರೋಗವಿರುವ ಸಂಭವ ನಾಲ್ಕಕ್ಕೆ ಒಂದು.

ತಾಮ್ರದ ರೋಗವೆಂದರೆ ಮನೆಯ ತಾಮ್ರದ ಕೊಡ, ನೀರು ಕಾಯಿಸುವ ಹಂಡೆ, ಹಿತ್ತಾಳೆಯ ಪಾತ್ರೆಗಳ ಮೇಲೆ ಸಂಶಯ ಬರುವುದು ಸಹಜ. ಈ ಸಂಶಯವನ್ನು ಬಿಡಿಸಲು ಮಹಾರಾಷ್ಟ್ರದ್ದೇ ಇನ್ನೊಂದು ಅಧ್ಯಾಯವನ್ನು ನೋಡಬೇಕು. ಒಂದು ಕಾಲದಲ್ಲಿ ಭಾರತದ ಹಳ್ಳಿಗಳಲ್ಲಿ ಒಂದರಿಂದ ಮೂರು ವರ್ಷದ ಮಕ್ಕಳನ್ನು ಕೊಲ್ಲುತ್ತಿದ್ದ ‘ಭಾರತೀಯ ಬಾಲ್ಯ ಸಿರೋಸಿಸ್’ ಎಂಬ ಯಕೃತ್ತಿನ ಕಾಯಿಲೆ ಇತ್ತು. ಅಣ್ಣತಂಗಿಯರಲ್ಲಿ ಒಬ್ಬರ ಹಿಂದೆ ಒಬ್ಬರಿಗೆ ಬರುತ್ತಿದ್ದುದರಿಂದ ಅದನ್ನು ಆನುವಂಶಿಕವೆಂದೇ ಹಲವರು ತಿಳಿದಿದ್ದರು. ಆ ಮಕ್ಕಳ ಯಕೃತ್ತಿನಲ್ಲಿಯೂ ತಾಮ್ರ ಅಪಾರವಾಗಿತ್ತು. ಪುಣೆಯ ಕೆಇಎಂ ಆಸ್ಪತ್ರೆಯ ಶೀಲಾ ಭಾವೆ ಮತ್ತು ಆನಂದ ಪಂಡಿತ್, ಇಂಗ್ಲೆಂಡಿನ ಸ್ಟುವರ್ಟ್ ಟ್ಯಾನರ್ ಅವರೊಂದಿಗೆ ಸೇರಿ 1980ರ ದಶಕದಲ್ಲಿ ಈ ಮಕ್ಕಳ ಹಾಲಿನ ಜಾಡು ಹಿಡಿದರು. ತಾಯಿಹಾಲು ಬಿಡಿಸಿ ಬೇಗನೆ ಶುರುಮಾಡಿದ ಎಮ್ಮೆ ಅಥವಾ ಹಸುವಿನ ಹಾಲನ್ನು ಕಲಾಯಿ ಇಲ್ಲದ ತಾಮ್ರ ಹಿತ್ತಾಳೆಯ ಪಾತ್ರೆಗಳಲ್ಲಿ ಕಾಯಿಸಿ ಇಡುತ್ತಿದ್ದುದರಿಂದ ಲೋಹ ಹಾಲಿಗೆ ಇಳಿಯುತ್ತಿತ್ತು ಎಂದು ಅವರು ತೋರಿಸಿದರು. ಪಾತ್ರೆ ಬದಲಾದಂತೆ ರೋಗವೂ ಕಣ್ಮರೆಯಾಯಿತು.

ಕಲಾಯಿ ಎಂಬ ಹಳೆಯ ಕಸುಬಿನ ಬೆಲೆ ಇಲ್ಲಿ ಅರ್ಥವಾಗುತ್ತದೆ. ತಿದಿಯೊತ್ತಿ ಉರಿಸಿದ ಇದ್ದಿಲ ಕೆಂಡದ ಮೇಲೆ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿಯನ್ನು ಎರಚಿ, ಬಿಳಿ ಹೊಗೆ ಏಳುತ್ತಿರುವಾಗಲೇ ತವರದ ಕಡ್ಡಿಯನ್ನು ತಾಕಿಸಿ, ಕರಗಿದ ತವರವನ್ನು ಅರಳೆಯಿಂದ ಒಳಮೈಗೆಲ್ಲ ಒರೆಸಿದಾಗ ಪಾತ್ರೆಯ ಒಳಗು ಬೆಳ್ಳಿಯಂತೆ ಹೊಳೆಯುತ್ತದೆ. ಆ ತೆಳುವಾದ ಪದರವೇ ಹಾಲಿಗೂ ಹುಳಿಗೂ ತಾಮ್ರ ಇಳಿಯದಂತೆ ಕಾಯುತ್ತಿತ್ತು. ಅಡುಗೆಮನೆಗೆ ಸ್ಟೀಲು ಬಂದ ಮೇಲೆ ಕಲಾಯಿಗಾರರ ಕೂಗು ಓಣಿಗಳಲ್ಲಿ ಕೇಳಿಸದಂತಾಯಿತು. ಪುಣೆಯ ಆ ಸಂಶೋಧನೆಯಿಂದ ಹೊಳೆಯುವ ಮಾತೆಂದರೆ, ಒಂದು ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಬಂದ ಮಾತ್ರಕ್ಕೆ ರೋಗ ರಕ್ತದ್ದಾಗಬೇಕಿಲ್ಲ, ಒಲೆಯ ಮೇಲಿನ ಪಾತ್ರೆಯದೂ ಆಗಿರಬಹುದು. ವಿಲ್ಸನ್ ಕಾಯಿಲೆ ಇದರ ಇನ್ನೊಂದು ಮಗ್ಗುಲು. ತಾಮ್ರದ ಕೊಡದ ನೀರು ಆರೋಗ್ಯವಂತರಿಗೆ ರೋಗ ತಾರದು, ಕೊಡವನ್ನು ಬಿಟ್ಟ ಮಾತ್ರಕ್ಕೆ ರೋಗಿಗೆ ಗುಣವೂ ಆಗದು; ಆದರೂ ರೋಗವಿದ್ದವರು ತಾಮ್ರದ ಪಾತ್ರೆಯ ನೀರನ್ನು ಹಾಗೂ ಯಕೃತ್ತಿನ ಮಾಂಸದಂಥ ತಾಮ್ರ ಹೆಚ್ಚಿರುವ ಆಹಾರವನ್ನು ದೂರವಿಡಬೇಕೆಂದು ವೈದ್ಯರು ಹೇಳುತ್ತಾರೆ.

ಚಿಕಿತ್ಸೆಯ ಚರಿತ್ರೆ ಯುದ್ಧದ ವಿಷಾನಿಲದಿಂದ ಆರಂಭವಾಗುತ್ತದೆ. ಲೆವಿಸೈಟ್ ಎಂಬ ಆರ್ಸೆನಿಕ್‌ಯುಕ್ತ ವಿಷಕ್ಕೆ ಪ್ರತಿಯಾಗಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಸಿದ್ಧಪಡಿಸಿದ ಬಾಲ್ ಎಂಬ ಔಷಧ ಲೋಹಗಳನ್ನು ಹಿಡಿದು ಹೊರಗೆಳೆಯುವಂಥದ್ದು; 1951ರಲ್ಲಿ ಅದನ್ನು ವಿಲ್ಸನ್ ರೋಗಿಗಳಿಗೆ ಕೊಟ್ಟು ನೋಡಿದಾಗ ಕೆಲವರು ಚೇತರಿಸಿಕೊಂಡರು, ಆದರೆ ಅದರ ಚುಚ್ಚುಮದ್ದು ತಡೆಯಲಾರದಷ್ಟು ನೋವು ಕೊಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಬ್ರಿಟಿಷ್ ವೈದ್ಯ ಜಾನ್ ವಾಲ್ಶ್‌ಗೆ ಇನ್ನೊಂದು ದಾರಿ ಹೊಳೆಯಿತು. ಪೆನಿಸಿಲಿನ್ ತೆಗೆದುಕೊಂಡ ರೋಗಿಗಳ ಮೂತ್ರದಲ್ಲಿ ಅವರು ಹಿಂದೆಯೇ ಪೆನಿಸಿಲಮೈನ್ ಎಂಬ ಅಮೈನೋ ಆಮ್ಲವನ್ನು ಕಂಡಿದ್ದರು. ಅದರ ರಚನೆಯನ್ನು ಗಮನಿಸಿ ತಾಮ್ರವನ್ನು ಅದು ಹಿಡಿದುಕೊಳ್ಳಬಲ್ಲದೆಂದು ಊಹಿಸಿ, ಮೊದಲು ತಾವೇ ನುಂಗಿ ಆಮೇಲೆ ರೋಗಿಗೆ ಕೊಟ್ಟರು. ಮೂತ್ರದಲ್ಲಿ ತಾಮ್ರ ಧಾರಾಳವಾಗಿ ಹೊರಬಂತು. 1956ರಲ್ಲಿ ಪ್ರಕಟವಾದ ಆ ಫಲಿತಾಂಶವೇ ಆನುವಂಶಿಕ ನರಕ್ಷಯ ರೋಗವೊಂದಕ್ಕೆ ಬಾಯಿಂದ ಕೊಡುವ ಪರಿಣಾಮಕಾರಿ ಚಿಕಿತ್ಸೆಯ ಆರಂಭ. ಅದೇ ಪೆನಿಸಿಲಮೈನ್ ಮುಂದೆ ಪುಣೆಯಲ್ಲಿ ಬಾಲ್ಯ ಸಿರೋಸಿಸ್‌ನ ಮಕ್ಕಳನ್ನೂ ಉಳಿಸಿತು.

ಪೆನಿಸಿಲಮೈನ್ ಮೃದುವಾದ ಔಷಧವಲ್ಲ. ಕೆಲವು ರೋಗಿಗಳಲ್ಲಿ ಆರಂಭದಲ್ಲಿ ನಡುಕ ಬಿಗಿತಗಳು ಹೆಚ್ಚುತ್ತವೆ, ಚರ್ಮ ಮತ್ತು ಮೂತ್ರಪಿಂಡಗಳಿಗೆ ತೊಂದರೆಯಾಗಬಹುದು. ಆದ್ದರಿಂದ ಸಣ್ಣ ಪ್ರಮಾಣದಿಂದ ಆರಂಭಿಸಿ, ಖಾಲಿ ಹೊಟ್ಟೆಯಲ್ಲಿ, ಬಿ6 ಜೀವಸತ್ವದ ಜೊತೆಗೆ ಕೊಡುವುದು ವಾಡಿಕೆ. ಅದನ್ನು ಸಹಿಸಲಾರದವರಿಗೆ ವಾಲ್ಶ್ ಅವರೇ ಟ್ರಯೆಂಟಿನ್ ಎಂಬ ಇನ್ನೊಂದು ಔಷಧವನ್ನು ತಂದರು. ಇವುಗಳಿಗಿಂತ ಅಗ್ಗವಾದ, ಬೇರೆಯೇ ತರ್ಕದ ಮೇಲೆ ನಿಂತ ಮದ್ದು ಸತು. ಸತುವಿನ ಲವಣ ಕರುಳಿನ ಒಳಪದರದ ಕೋಶಗಳಲ್ಲಿ ಮೆಟಲೋಥಯೋನಿನ್ ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ. ಆ ಪ್ರೋಟೀನು ಊಟದಲ್ಲಿ ಬಂದ ತಾಮ್ರವನ್ನು ಕರುಳಿನಲ್ಲೇ ಹಿಡಿದಿಡುತ್ತದೆ, ಮತ್ತು ಕೆಲವು ದಿನಗಳಲ್ಲಿ ಆ ಕೋಶ ಉದುರಿದಾಗ ತಾಮ್ರವೂ ಮಲದೊಡನೆ ಹೋಗುತ್ತದೆ. ನಿಮ್ಹಾನ್ಸ್‌ನ ಸಿನ್ಹಾ ಮತ್ತು ತಾಳಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಬಡ ಕುಟುಂಬಗಳಿಗೆ ವರವೆನ್ನಬಹುದಾದದ್ದು: ಎರಡೂ ಔಷಧಗಳಿಂದ ಸ್ಥಿರಗೊಂಡ ರೋಗಿಗಳಲ್ಲಿ ಪೆನಿಸಿಲಮೈನನ್ನು ನಿಲ್ಲಿಸಿ ಸತುವಿನ ಸಲ್ಫೇಟನ್ನು ಮಾತ್ರ ಮುಂದುವರಿಸಿದರೂ ಬಹುಪಾಲು ಮಂದಿ ಚೆನ್ನಾಗಿಯೇ ಉಳಿದರು, ಖರ್ಚು ಮಾತ್ರ ಬಹಳ ಇಳಿಯಿತು. ಯಕೃತ್ತು ಪೂರ್ತಿ ಸೋತವರಿಗೆ ಕಸಿ ಮಾಡಿದರೆ ಹೊಸ ಯಕೃತ್ತಿನೊಂದಿಗೆ ಸರಿಯಾದ ಎಟಿಪಿ7ಬಿಯೂ ಬರುತ್ತದೆ. ಒಳ್ಳೆಯ ಜೀನನ್ನು ನಿರಪಾಯ ವೈರಸ್ಸಿನ ಕವಚದಲ್ಲಿಟ್ಟು ಯಕೃತ್ತಿಗೆ ಮುಟ್ಟಿಸುವ ಚಿಕಿತ್ಸೆಯೂ ಮನುಷ್ಯರ ಮೇಲಿನ ಪ್ರಯೋಗದ ಹಂತಕ್ಕೆ ಬಂದಿದೆ.

ಯಾವ ಔಷಧವಾದರೂ ಒಂದೇ ಷರತ್ತು: ಚಿಕಿತ್ಸೆಯನ್ನು ಜೀವಮಾನವಿಡೀ ನಿಲ್ಲಿಸಬಾರದು. ಚೆನ್ನಾಗಿದ್ದವರು ‘ಈಗ ಆರಾಮ ಆಗೈತಿ’ ಎಂದು ಗುಳಿಗೆ ಬಿಟ್ಟಾಗ ಕೆಲವೇ ವರ್ಷಗಳಲ್ಲಿ ಯಕೃತ್ತು ಕುಸಿದು ಸತ್ತ ಘಟನೆಗಳನ್ನು ವಾಲ್ಶ್ ಮತ್ತು ಅವರ ಸಹೋದ್ಯೋಗಿ 1986ರಲ್ಲಿಯೇ ದಾಖಲಿಸಿದ್ದಾರೆ.

ಪ್ರಬಲ ಬಗೆಯ ರೋಗಗಳ ಲೆಕ್ಕವೇ ಬೇರೆ, ಅಲ್ಲಿ ಒಂದು ಕೆಟ್ಟ ಪ್ರತಿ ಸಾಕು. ಸೋದರಿಕೆಯ ಮದುವೆಗೂ ಅವಕ್ಕೂ ನಂಟಿಲ್ಲ, ರೋಗಿಯ ಪ್ರತಿ ಮಗುವಿಗೂ ಸಂಭವ ಎರಡಕ್ಕೆ ಒಂದು. ಮುಂಬಯಿಯ ನೋಶಿರ್ ವಾಡಿಯಾ 1971ರಲ್ಲಿ ಸ್ವಾಮಿ ಎಂಬ ಸಹೋದ್ಯೋಗಿಯೊಂದಿಗೆ ‘ಬ್ರೈನ್’ ಪತ್ರಿಕೆಯಲ್ಲಿ ಒಂಬತ್ತು ಭಾರತೀಯ ಕುಟುಂಬಗಳನ್ನು ವಿವರಿಸಿದರು. ನಡಿಗೆ ತೂಗಾಡುವುದರ ಜೊತೆಗೆ, ಒಂದು ವಸ್ತುವಿನಿಂದ ಇನ್ನೊಂದಕ್ಕೆ ಚಕ್ಕನೆ ಜಿಗಿಯಬೇಕಾದ ಕಣ್ಣು ನಿಧಾನವಾಗಿ ತೆವಳುವುದು ಆ ರೋಗದ ಗುರುತು. ಇಂದು ಎಸ್‌ಸಿಎ2 ಎಂದು ಕರೆಯುವ ಈ ರೋಗದ ಜೀನ್ 1996ರಲ್ಲಿ ಸಿಕ್ಕಿತು. ಹಂಟಿಂಗ್ಟನ್‌ನಲ್ಲಿರುವಂತೆ ಇಲ್ಲಿಯೂ ಡಿಎನ್‌ಎಯ ಸಿಎಜಿ ಎಂಬ ಮೂರಕ್ಷರ ಮಿತಿಮೀರಿ ಪುನರಾವರ್ತನೆಯಾಗಿರುತ್ತದೆ. ಹಂಟಿಂಗ್ಟನ್ ಜೀನಿನಲ್ಲಿ ಅದು 40 ಅಥವಾ ಹೆಚ್ಚು ಸಲ ಬಂದರೆ ರೋಗ ಖಚಿತ. ನಿಮ್ಹಾನ್ಸ್‌ನ ಸಂಜೀವ್ ಜೈನ್, ಮೀರಾ ಪುರುಷೋತ್ತಮ್ ಮೊದಲಾದವರು ಇಂಥ ಕುಟುಂಬಗಳ ಜೀನ್‌ಗಳನ್ನು ವರ್ಷಗಳಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ.

ಇಲ್ಲಿ ಪ್ರೋಟೀನೇ ವಿಷ, ಅದನ್ನು ಹೊರಗೆಳೆಯುವ ಗುಳಿಗೆ ಇಲ್ಲ. ಆದ್ದರಿಂದ ಹಂಟಿಂಗ್ಟನ್‌ನಲ್ಲಿ ಅದರ ತಯಾರಿಕೆಯನ್ನೇ ತಗ್ಗಿಸಲು ಪ್ರಯತ್ನ ನಡೆದಿದೆ. ಬೆನ್ನುಹುರಿಯ ದ್ರವಕ್ಕೆ ಚುಚ್ಚುವ ಟೊಮಿನರ್ಸೆನ್ ಎಂಬ ಔಷಧದ ದೊಡ್ಡ ಪ್ರಯೋಗ 2021ರ ಮಾರ್ಚಿನಲ್ಲಿ ಅರ್ಧಕ್ಕೆ ನಿಂತಿತು. 2025ರ ಸೆಪ್ಟೆಂಬರಿನಲ್ಲಿ ಯೂನಿಕ್ಯೂರ್ ಎಂಬ ಕಂಪನಿ, ಮಿದುಳಿನ ಆಳಕ್ಕೆ ಶಸ್ತ್ರಕ್ರಿಯೆಯ ಮೂಲಕ ಒಮ್ಮೆ ಮಾತ್ರ ಕೊಡುವ ಎಎಂಟಿ-130 ಎಂಬ ಜೀನ್ ಚಿಕಿತ್ಸೆಯಿಂದ, ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಮೂರು ವರ್ಷಗಳ ಕೊನೆಗೆ ರೋಗದ ವೇಗ ಶೇ. 75ರಷ್ಟು ತಗ್ಗಿತೆಂದು ಪ್ರಕಟಿಸಿತು. ಮೂರು ವರ್ಷ ಪೂರೈಸಿದವರು ಹನ್ನೆರಡು ಮಂದಿ ಮಾತ್ರ, ಹೋಲಿಕೆಯೂ ಹೊರಗಿನ ರೋಗಿಗಳ ಹಳೆಯ ದಾಖಲೆಗಳೊಂದಿಗೆ; ಸಂತೋಷಪಡಲು ಕಾರಣವಿದೆ, ಆದರೆ ಕುಟುಂಬಗಳಿಗೆ ಮಾತು ಕೊಡುವ ಹೊತ್ತು ಇದಲ್ಲ. ಶಿಶುಗಳ ಬೆನ್ನುಹುರಿಯ ನರಕೋಶಗಳನ್ನು ಕೊಲ್ಲುವ ಎಸ್‌ಎಂಎ ರೋಗದಲ್ಲಿ ವಿಜ್ಞಾನ ಗೆದ್ದಿದೆ. 2016ರ ನುಸಿನರ್ಸೆನ್‌ನಿಂದ ಮೊದಲ್ಗೊಂಡು ಮೂರು ಔಷಧಗಳು ಬಂದಿವೆ. ಅಲ್ಲಿ ಅಡ್ಡಿ ಬೆಲೆಯದು. ಬಾಟಲಿಗೆ ಆರು ಲಕ್ಷ ರೂಪಾಯಿ ದಾಟಿದ್ದ ರಿಸ್ಡಿಪ್ಲಾಮ್, ಪೇಟೆಂಟ್ ವ್ಯಾಜ್ಯದ ನಂತರ 2025ರ ಅಕ್ಟೋಬರಿನಲ್ಲಿ ನ್ಯಾಟ್ಕೋ ಕಂಪನಿಯ ಜನೆರಿಕ್ ರೂಪದಲ್ಲಿ 15,900 ರೂಪಾಯಿಗೆ ಬಂದದ್ದು ಈ ಕ್ಷೇತ್ರದ ಇತ್ತೀಚಿನ ಅತ್ಯಂತ ದೊಡ್ಡ ಸುದ್ದಿ.

ಅವುಗಳ ಪಕ್ಕದಲ್ಲಿ ವಿಲ್ಸನ್ ಕಾಯಿಲೆಯ ಪರೀಕ್ಷೆಗಳು ಎಷ್ಟು ಸರಳ ಎಂಬುದು ಎದ್ದು ಕಾಣುತ್ತದೆ. ಸ್ಲಿಟ್ ಲ್ಯಾಂಪ್, ಸೆರುಲೋಪ್ಲಾಸ್ಮಿನ್‌ಗಾಗಿ ಒಂದು ರಕ್ತಪರೀಕ್ಷೆ, ಇಪ್ಪತ್ನಾಲ್ಕು ಗಂಟೆಯ ಮೂತ್ರದಲ್ಲಿನ ತಾಮ್ರದ ಅಳತೆ, ಇಷ್ಟು ಮೊದಲಿಗೆ ಸಾಕು. ಮೂತ್ರದ ಪರೀಕ್ಷೆಗೆ ಲೋಹ ಸೋಂಕದ ಪ್ಲಾಸ್ಟಿಕ್ ಡಬ್ಬಿ ಬೇಕು. ಬೆಳಗಿನ ಮೊದಲ ಮೂತ್ರವನ್ನು ಚೆಲ್ಲಿ, ಆ ನಂತರದ್ದೆಲ್ಲವನ್ನೂ ಮರುದಿನ ಅದೇ ಹೊತ್ತಿನವರೆಗೆ ಡಬ್ಬಿಯಲ್ಲಿ ಕೂಡಿಡಬೇಕು. ತಾಮ್ರ 100 ಮೈಕ್ರೋಗ್ರಾಂ ದಾಟಿದರೆ ಸಂಶಯ ಬಲವಾಗುತ್ತದೆ. ಎಟಿಪಿ7ಬಿ ಜೀನಿನಲ್ಲಿ ನೂರಾರು ಬಗೆಯ ದೋಷಗಳು ಗೊತ್ತಿವೆ. ಯುರೋಪಿನಲ್ಲಿ ಸಾಮಾನ್ಯವಾದ ದೋಷ ಭಾರತದಲ್ಲಿ ಕಾಣಿಸುವುದು ಕಡಿಮೆ, ಹಾಗಾಗಿ ಇಲ್ಲಿ ಜೀನನ್ನು ಪೂರ್ತಿಯಾಗಿಯೇ ಓದಬೇಕಾಗುತ್ತದೆ. ಆದರೆ ಒಬ್ಬ ರೋಗಿಯ ದೋಷ ಒಮ್ಮೆ ಗೊತ್ತಾದರೆ ಅವರ ತಮ್ಮತಂಗಿಯರಲ್ಲಿ ಅದೊಂದನ್ನೇ ಹುಡುಕಿದರಾಯಿತು.

ಬಹುಕಾಲ ಕೊಲ್ಹಾಪುರ ಮತ್ತು ಬೆಂಗಳೂರಿನ ನಡುವೆ ಓಡಿದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರೋಗಿಯೊಬ್ಬರನ್ನು ಕರೆದುಕೊಂಡು ದೊಡ್ಡ ಆಸ್ಪತ್ರೆಗೆ ಹೊರಡುವ ಕುಟುಂಬ ಸಾಮಾನ್ಯವಾಗಿ ಆರೋಗ್ಯವಾಗಿರುವ ಮಕ್ಕಳನ್ನು ಮನೆಯಲ್ಲಿಯೇ ಅಜ್ಜಿಯ ಬಳಿ ಬಿಟ್ಟು ಹೋಗುತ್ತದೆ. ವಿಲ್ಸನ್ ಕಾಯಿಲೆಯಲ್ಲಿ ಆ ಮಕ್ಕಳನ್ನೂ ಕರೆದೊಯ್ಯಬೇಕು. ನಿಮ್ಹಾನ್ಸ್‌ನ 282 ಮಂದಿಯ ಪಟ್ಟಿಯಲ್ಲಿ ಹದಿನೈದು ಹೆಸರುಗಳು ಹಾಗೆ ಸೇರಿದವು. ಅವರ ಕೈ ನಡುಗಿರಲಿಲ್ಲ, ಮಾತು ತೊದಲಿರಲಿಲ್ಲ; ಅಣ್ಣನೋ ಅಕ್ಕನೋ ಕಾಯಿಲೆ ಬಿದ್ದಿದ್ದರಿಂದ ಅವರನ್ನೂ ಪರೀಕ್ಷಿಸಿ ನೋಡಲಾಯಿತು, ಮತ್ತು ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಕಣ್ಣಿನ ಅಂಚಿನಲ್ಲಿ ಆಗಲೇ ಆ ಬಳೆ ಮೂಡಿತ್ತು.